ಕಾರು ನಿಂತಲ್ಲೇ ಇದೆ: ಹಳೆಯ ರೇಸಿಂಗ್ ಆಟಗಳ ಒಳಗುಟ್ಟು

ನಾಣ್ಯ ಹಾಕಿ ಆಡುವ ಆಟದ ಯಂತ್ರಕ್ಕೆ ಆರ್ಕೇಡ್ ಯಂತ್ರ ಎನ್ನುತ್ತಾರೆ. ಅದಕ್ಕೆ ಸ್ಟೇರಿಂಗ್, ಗೇರು, ಪೆಡಲ್ ಜೋಡಿಸಿದರೆ ರೇಸಿಂಗ್ ಆಟ. ಅಮೆರಿಕದ ಅಟಾರಿ ಕಂಪನಿ 1974ರಲ್ಲಿ ತಂದ ಗ್ರ್ಯಾನ್ ಟ್ರ್ಯಾಕ್ 10 ಈ ಬಗೆಯ ಮೊದಮೊದಲ ಯಂತ್ರಗಳಲ್ಲಿ ಒಂದು. ಅದರಲ್ಲಿ ಟ್ರ್ಯಾಕನ್ನು ಆಕಾಶದಿಂದ ಕಂಡಂತೆ ತೋರಿಸುತ್ತಿದ್ದರು. ಅದೇ ಕಂಪನಿಯ ನೈಟ್ ಡ್ರೈವರ್ (1976) ಆಟಗಾರನನ್ನು ಚಾಲಕನ ಸೀಟಿಗೆ ತಂದು ಕೂರಿಸಿತು. ಕಪ್ಪು ಪರದೆ, ರಸ್ತೆಯ ಎರಡೂ ಬದಿಗೆ ಬಿಳಿ ಕಂಬಗಳು, ಅಷ್ಟೇ. ಕಾರು ಮಾತ್ರ ಪರದೆಯ ಮೇಲೆ ಅಂಟಿಸಿದ ಪ್ಲಾಸ್ಟಿಕ್ ಚಿತ್ರ! ಜಪಾನಿನ ನಾಮ್ಕೊ ಕಂಪನಿಯ ಪೋಲ್ ಪೊಸಿಷನ್ (1982) ಫ್ಯೂಜಿ ಸ್ಪೀಡ್‌ವೇಯನ್ನು ಬಣ್ಣದಲ್ಲಿ ತೋರಿಸಿತು. ಸೆಗಾ ಕಂಪನಿಗಾಗಿ ಯು ಸುಝುಕಿ ರೂಪಿಸಿದ ಔಟ್ ರನ್ (1986) ಈ ಬಗೆಯನ್ನು ಅದರ ಶಿಖರಕ್ಕೆ ಒಯ್ದಿತು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಂಥ ಊರುಗಳ ಮಂದಿಗೆ ಈ ದೊಡ್ಡ ಯಂತ್ರಗಳಿಗಿಂತ ಟಿವಿಗೆ ಸಿಕ್ಕಿಸಿ ಆಡುವ ಅಗ್ಗದ ವಿಡಿಯೊ ಗೇಮ್ ಡಬ್ಬಿ ಮತ್ತು ಅದರ ಕ್ಯಾಸೆಟ್ ಹೆಚ್ಚು ಪರಿಚಿತ. ಅಂಥ ಕ್ಯಾಸೆಟ್‌ಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದ ಎರಡು ಆಟಗಳು ಇಡೀ ವಂಶವನ್ನೇ ಪರಿಚಯಿಸುತ್ತವೆ. ಕೊನಾಮಿಯ ರೋಡ್ ಫೈಟರ್ 1984ರ ಆರ್ಕೇಡ್ ಆಟ. ಅದರದು ಮೇಲಿನಿಂದ ಕಾಣುವ ನೋಟ. ನಿಂಟೆಂಡೊದ ಎಫ್-1 ರೇಸ್ ಅದೇ ವರ್ಷದ್ದು. ಅದರದು ಚಾಲಕನ ಹಿಂಬದಿಯ ನೋಟ. ಮುಂದೆ ನಿಂಟೆಂಡೊದ ಅಧ್ಯಕ್ಷರಾದ ಸತೋರು ಇವಾಟ ಎಫ್-1 ರೇಸ್‌ಗೆ ಪ್ರೋಗ್ರಾಂ ಬರೆದವರು.

ಅಡ್ಡಗೆರೆಗಳ ರಸ್ತೆ

ಹೆಚ್ಚಿನವರು ಎಡವುವುದು ಇಲ್ಲಿ. ಯಂತ್ರದೊಳಗೆ ಎಲ್ಲೋ ಒಂದು ರಸ್ತೆಯ ನಕ್ಷೆ ಹಾಸಿದೆ, ಅದರ ಮೇಲೆ ಕಾರು ಓಡುತ್ತದೆ, ಕ್ಯಾಮೆರಾ ಬೆನ್ನು ಹತ್ತುತ್ತದೆ ಎಂದು ಭಾವಿಸುವುದು ಸಹಜ. ಪೋಲ್ ಪೊಸಿಷನ್, ಔಟ್ ರನ್ ಕಾಲದ ಆಟಗಳಲ್ಲಿ ಅಂಥದ್ದೇನೂ ಇಲ್ಲ. ಅಲ್ಲಿ ಇರುವುದು ಅಡ್ಡಗೆರೆಗಳು ಮಾತ್ರ.

ನಿಪ್ಪಾಣಿ ಬಳಿ ಪುಣೆ–ಬೆಂಗಳೂರು ಹೆದ್ದಾರಿಯ ನೇರ ತುಂಡೊಂದನ್ನು ನೋಡಿದರೆ ರಸ್ತೆ ಕಾಲ ಬಳಿ ಅಗಲ, ದೂರ ಹೋದಂತೆ ಕಿರಿದು. ಇದರ ಲೆಕ್ಕ ಬಲು ಸರಳ. ಟಿವಿ ಪರದೆಯಲ್ಲಿ ದಿಗಂತದಿಂದ ಕೆಳಗೆ 100ನೇ ಗೆರೆ 10 ಮೀಟರ್ ದೂರದ ನೆಲವನ್ನು ತೋರಿಸುತ್ತದೆ ಎಂದಿಟ್ಟುಕೊಂಡರೆ, 50ನೇ ಗೆರೆ 20 ಮೀಟರ್, 10ನೇ ಗೆರೆ 100 ಮೀಟರ್, 5ನೇ ಗೆರೆ 200 ಮೀಟರ್, 1ನೇ ಗೆರೆ ಒಂದು ಕಿಲೋಮೀಟರ್ ದೂರವನ್ನು ತೋರಿಸುತ್ತದೆ. ಗೆರೆಯ ಸಂಖ್ಯೆಯನ್ನೂ ದೂರವನ್ನೂ ಗುಣಿಸಿದರೆ ಯಾವಾಗಲೂ 1000. ಹತ್ತಿರದ 10 ಮೀಟರ್ ರಸ್ತೆಗೆ 50 ಗೆರೆ ಸಿಗುತ್ತದೆ. ದೂರದ 100 ಮೀಟರಿಗೆ ಬರೀ 5. ಈ ಪಟ್ಟಿಯನ್ನು ಒಮ್ಮೆ ಮಾಡಿ ಚಿಪ್‌ನಲ್ಲಿ ಇಟ್ಟರೆ ಆಯಿತು, ಮತ್ತೆ ಮತ್ತೆ ಭಾಗಾಕಾರ ಮಾಡುವ ಕಷ್ಟ ಬಡ ಪ್ರೊಸೆಸರಿಗೆ ಇಲ್ಲ.

ತಿರುವು ಹೇಗೆ ಬರುತ್ತದೆ? ಕೆಳಗಿನಿಂದ ಮೇಲಕ್ಕೆ ಹೋಗುತ್ತ ಒಂದೊಂದೇ ಗೆರೆಯನ್ನು ಪಕ್ಕಕ್ಕೆ ಸರಿಸಬೇಕು: ಮೊದಲನೆಯದು 1 ಚುಕ್ಕೆ, ಎರಡನೆಯದು 3, ಮೂರನೆಯದು 6, ನಾಲ್ಕನೆಯದು 10. ಸರಿತ ಬೆಳೆಯುತ್ತ ಹೋದಂತೆ ನೇರ ರಸ್ತೆ ಬಾಗುತ್ತದೆ. ಅಥಣಿ ಕಡೆಯ ಬಯಲಿನ ರಸ್ತೆಗೆ ಇಷ್ಟು ಸಾಕು. ಸ್ತವನಿಧಿ ಘಾಟಿನಂಥ ಏರಿಳಿತ ಬೇಕಾದರೆ ಗೆರೆಗಳನ್ನು ಮೇಲೆ ಕೆಳಗೆ ಹಿಗ್ಗಿಸಿ ಕುಗ್ಗಿಸಬೇಕು.

ವೇಗದ ಭಾವನೆ ಬರುವುದು ಇನ್ನೊಂದು ಕುಶಲತೆಯಿಂದ. ರಸ್ತೆಗೂ ಬದಿಯ ಹುಲ್ಲಿಗೂ ಒಂದು ಪಟ್ಟೆ ಗಾಢ, ಒಂದು ಪಟ್ಟೆ ತಿಳಿ ಬಣ್ಣ. ಕಾರು ಮುಂದೆ ಹೋದಂತೆಲ್ಲ ಗಾಢ ಇದ್ದಲ್ಲಿ ತಿಳಿ, ತಿಳಿ ಇದ್ದಲ್ಲಿ ಗಾಢ ಬರುತ್ತದೆ. ಆ ಪಟ್ಟೆ ಅಳಿಸಿದರೆ ಗಂಟೆಗೆ 290 ಕಿಲೋಮೀಟರ್ ತೋರಿಸುತ್ತಿರುವ ಕಾರೂ ನಿಂತಂತೆಯೇ ಕಾಣುತ್ತದೆ. ಬದಿಯ ಮರ, ಫಲಕಗಳು ಚಪ್ಪಟೆ ಚಿತ್ರಗಳು. ಹತ್ತಿರ ಬಂದಂತೆ ಅವನ್ನು ದೊಡ್ಡದು ಮಾಡುವ ಕೆಲಸಕ್ಕೆಂದೇ ಔಟ್ ರನ್ ಬೋರ್ಡಿನಲ್ಲಿ ಬೇರೆ ಸರ್ಕ್ಯೂಟ್ ಇತ್ತು.

ಇನ್ನು ಕಾರು. ಯಂತ್ರದ ಮಟ್ಟಿಗೆ ಕಾರು ಎಂದರೆ ಮುಖ್ಯವಾಗಿ ಮೂರು ಅಂಕಿ: ಎಷ್ಟು ದೂರ ಬಂದಿದೆ, ವೇಗ ಎಷ್ಟು, ರಸ್ತೆಯ ನಡುವಿನಿಂದ ಎಷ್ಟು ಅತ್ತಿತ್ತ ಇದೆ. ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬ ಅಂಕಿಯೇ ಅಲ್ಲಿಲ್ಲ. ತಿರುವು ಬಂದಾಗ ವೇಗಕ್ಕೆ ತಕ್ಕಂತೆ ಕಾರನ್ನು ಹೊರಬದಿಗೆ ತಳ್ಳುತ್ತಾರೆ. ಸ್ಟೇರಿಂಗ್ ತಿರುಗಿಸುವ ಆಟಗಾರ ಆ ತಳ್ಳುವಿಕೆಯನ್ನು ರದ್ದು ಮಾಡುತ್ತಾನೆ. ತಾನು ತಿರುವು ತೆಗೆದುಕೊಂಡೆ ಎಂದು ಅವನು ತಿಳಿಯುತ್ತಾನೆ. ಸ್ಟೇರಿಂಗನ್ನು ಎಷ್ಟೇ ತಿರುಗಿಸಿದರೂ ಔಟ್ ರನ್‌ನ ಕಾರು ಬಂದ ದಾರಿಗೆ ಹಿಂದಿರುಗದು ಏಕೆಂಬುದು ಇದರಿಂದ ತಿಳಿಯುತ್ತದೆ.

ಯಾರೂ ಆಡದಾಗ ನಡೆಯುವ ಆಟ

ನಾಣ್ಯ ಬೀಳದೆ ಸುಮ್ಮನಿರುವ ಯಂತ್ರ ಗಿರಾಕಿಯನ್ನು ಕರೆಯಲು ತಾನೇ ಆಡಿ ತೋರಿಸುತ್ತದೆ. ಇದು ಡೆಮೊ. ಇದನ್ನು ಸಿನಿಮಾದಂತೆ ಮುದ್ರಿಸಿ ಇಟ್ಟಿದ್ದಾರೆ ಎಂಬುದು ಎರಡನೆಯ ದೊಡ್ಡ ತಪ್ಪು ಕಲ್ಪನೆ. ಔಟ್ ರನ್ ಪರದೆ 320 ಅಡ್ಡ, 224 ಉದ್ದ ಚುಕ್ಕೆಗಳದ್ದು, ಒಟ್ಟು 71,680. ಸೆಕೆಂಡಿಗೆ 60 ಚಿತ್ರದಂತೆ ಅರ್ಧ ನಿಮಿಷಕ್ಕೆ 1,800 ಚಿತ್ರ, ಅಂದರೆ ಸುಮಾರು 12.9 ಕೋಟಿ ಚುಕ್ಕೆ. ಆ ಕಾಲದ ಇಡೀ ಬೋರ್ಡಿನ ಚಿಪ್‌ಗಳೆಲ್ಲ ಸೇರಿ ಹಿಡಿಸುತ್ತಿದ್ದುದು ಕೆಲವೇ ಮೆಗಾಬೈಟ್.

ಹಾಗಾಗಿ ಎರಡು ಉಪಾಯ ಬಳಕೆಗೆ ಬಂದವು. ಒಂದು, ರಸ್ತೆ ನೋಡಿ ಓಡಿಸುವ ಪುಟ್ಟ ಪ್ರೋಗ್ರಾಮನ್ನು ಸೀಟಿಗೆ ಕೂರಿಸುವುದು. ಇನ್ನೊಂದು, ಒಬ್ಬ ಆಟಗಾರನ ಕೈಕಾಲಿನ ಚಲನೆಯನ್ನಷ್ಟೇ ದಾಖಲಿಸುವುದು: ಪ್ರತಿ ಚಿತ್ರಕ್ಕೆ ಸ್ಟೇರಿಂಗ್, ಪೆಡಲ್, ಗೇರಿಗೆ ಒಂದೊಂದು ಬೈಟ್, 1,800 ಚಿತ್ರಕ್ಕೆ 5,400 ಬೈಟ್. ಯಂತ್ರಕ್ಕೆ ಆ ಅಂಕಿಗಳನ್ನು ಉಣಿಸಿದರೆ ಅದು ಇಡೀ ಓಟವನ್ನು ಮೊದಲಿನಿಂದ ಲೆಕ್ಕ ಹಾಕಿ ಬರೆಯುತ್ತದೆ. ಷರತ್ತು ಒಂದೇ: ಅದೇ ಆರಂಭ, ಅದೇ ಅಂಕಿ ಕೊಟ್ಟರೆ ಪ್ರತಿ ಸಲವೂ ಅದೇ ಫಲ ಬರಬೇಕು. ಎದುರಿನ ವಾಹನಗಳ "ಅದೃಷ್ಟ"ದ ಅಂಕಿಗಳೂ ಅದೇ ಕ್ರಮದಲ್ಲಿ ಬರಬೇಕು. ಎಲ್ಲೋ ಒಂದು ತಿರುವನ್ನು ಕೊಂಚ ಬದಲಿಸಿದರೂ ಸಾಕು, ದಾಖಲಾದ ಕೈಗಳು ಇಲ್ಲದ ರಸ್ತೆಗೆ ಸ್ಟೇರಿಂಗ್ ತಿರುಗಿಸುತ್ತ ಕಾರನ್ನು ಪೊದೆಗೆ ನುಗ್ಗಿಸುತ್ತವೆ. ಹೀಗಾಗಿ ಈ ಡೆಮೊ ಉಚಿತವಾದ ಪರೀಕ್ಷೆಯೂ ಹೌದು. ಪ್ರೋಗ್ರಾಂ ತಿದ್ದಿದ ಮೇಲೆ ಕಾರು ಮೊದಲಿನ ಜಾಗಕ್ಕೇ ಬಂದು ನಿಲ್ಲದಿದ್ದರೆ ಲೆಕ್ಕದಲ್ಲಿ ಏನೋ ಬದಲಾಗಿದೆ ಎಂದೇ ಅರ್ಥ.

ನಾಣ್ಯದ ಬಾಗಿಲಿನ ಹಿಂದೆ

ಇನ್ನೊಂದು ಪ್ರದರ್ಶನ ಗಿರಾಕಿಗೆ ಕಾಣುವುದೇ ಇಲ್ಲ. ಸೆಗಾ ಯಂತ್ರಗಳ ನಾಣ್ಯದ ಪೆಟ್ಟಿಗೆಯ ಬಾಗಿಲು ತೆರೆದರೆ ಒಳಗೆ ಟೆಸ್ಟ್ ಎಂಬ ಬಟನ್ ಸಿಗುತ್ತದೆ. ಅದನ್ನು ಒತ್ತಿದರೆ ಮೆಮೊರಿಯ ತಪಾಸಣೆ, ಟಿವಿ ಕೊಳವೆಯನ್ನು ಸರಿಹೊಂದಿಸಲು ಚೌಕುಳಿ ಗೆರೆಗಳು, ಬಣ್ಣದ ಪಟ್ಟಿಗಳು, ಒಂದೊಂದೇ ಧ್ವನಿ, ಸ್ಟೇರಿಂಗಿನ ಸ್ಥಾನ ತೋರಿಸುವ ಅಂಕಿ. ರಿಪೇರಿಯವನಿಗೆಂದು ಇಟ್ಟದ್ದಾದರೂ ಯಂತ್ರ ತನ್ನ ಅಂಗಾಂಗವನ್ನು ಇಷ್ಟು ಬಿಚ್ಚಿ ತೋರಿಸುವ ಜಾಗ ಇನ್ನೊಂದಿಲ್ಲ.

ಕೆಲವೊಮ್ಮೆ ಇಡೀ ಆಟವೇ ಹೊಸ ಬೋರ್ಡಿನ ಪ್ರದರ್ಶನ. ಸೆಗಾದ ಮಾಡೆಲ್ 1 ಬೋರ್ಡ್ ಬಹುಭುಜಗಳಿಂದ ನಿಜವಾದ ಮೂರು ಆಯಾಮದ ಲೋಕ ಕಟ್ಟಬಲ್ಲದೇ ಎಂದು ನೋಡಲು ಶುರುವಾದ ಪ್ರಯೋಗವೇ 1992ರಲ್ಲಿ ವರ್ಚುವಾ ರೇಸಿಂಗ್ ಆಯಿತು. ಅದರಲ್ಲಿ ನಾಲ್ಕು ಬಟನ್ ಒತ್ತಿ ನಾಲ್ಕು ಕೋನಗಳಿಂದ ಕಾರನ್ನು ನೋಡಬಹುದಿತ್ತು. ಅಡ್ಡಗೆರೆಯ ರಸ್ತೆಗೆ ಇದು ಆಗದ ಮಾತು. ನಾಮ್ಕೊದ ರಿಡ್ಜ್ ರೇಸರ್ (1993) ಬಹುಭುಜಗಳ ಬೋಳು ಮೈಗಳಿಗೆ ಡಾಂಬರು, ಬಂಡೆಗಳ ಚಿತ್ರ ಹೊದಿಸಿತು. ಅದರ ಪ್ಲೇಸ್ಟೇಷನ್ ಆವೃತ್ತಿ (1994) ಪೂರ್ತಿಯಾಗಿ ಮೆಮೊರಿಗೆ ಏರಿ ಕೂರುತ್ತಿತ್ತು. ಆದ್ದರಿಂದ ಆಟದ ಸಿ.ಡಿ. ತೆಗೆದು ಹಾಡಿನ ಸಿ.ಡಿ. ಹಾಕಿದರೂ ಕಾರು ಓಡುತ್ತಲೇ ಇರುತ್ತಿತ್ತು.

ಮುಂದಿನ ಓದಿಗೆ

ಇಷ್ಟರಿಂದ ಹೊರಡುವ ತಿರುಳು ಒಂದೇ: ಈ ಆಟಗಳಲ್ಲಿ ಓಟವನ್ನು ಚಿತ್ರವಾಗಿ ಕೂಡಿಟ್ಟಿಲ್ಲ, ಸೆಕೆಂಡಿಗೆ ಹತ್ತಾರು ಸಲ ಹೊಸದಾಗಿ ಲೆಕ್ಕ ಹಾಕಿದ್ದಾರೆ. ಬಳಸಿದ ಗಣಿತ ಹೈಸ್ಕೂಲಿನ ವಿಲೋಮಾನುಪಾತ ಮತ್ತು ಕೂಡಿಕೆ. 1997ರಲ್ಲಿ ಆರಂಭವಾದ ಮೇಮ್ ಎಂಬ ತಂತ್ರಾಂಶ ಹಳೆಯ ಬೋರ್ಡುಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸುತ್ತದೆ; ಟೆಸ್ಟ್ ಬಟನ್ನೂ ಅದರಲ್ಲಿದೆ. ಔಟ್ ರನ್ ಪ್ರೋಗ್ರಾಮನ್ನು ಬಿಡಿಸಿ ಸಿ++ ಭಾಷೆಯಲ್ಲಿ ಮತ್ತೆ ಬರೆದ ಕ್ಯಾನನ್‌ಬಾಲ್ ಓದಲು ಮುಕ್ತವಾಗಿದೆ. ಚಿಕ್ಕೋಡಿ ಭಾಗದ ಡಿಪ್ಲೊಮಾ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೇಲಿನ 1000ದ ಪಟ್ಟಿಯೊಂದನ್ನೇ ಹಿಡಿದು ಪೈಥಾನ್‌ನಲ್ಲಿ ಒಂದು ನೇರ ರಸ್ತೆ ಬರೆದು ನೋಡಬೇಕು. ಆಮೇಲೆ ತಿರುವು, ಪಟ್ಟೆ, ಏರು. ಗ್ರಾಫಿಕ್ಸ್ ಪಠ್ಯದ ದಪ್ಪ ಅಧ್ಯಾಯಗಳಿಗೆ ಇದಕ್ಕಿಂತ ಒಳ್ಳೆಯ ಪೂರ್ವಸಿದ್ಧತೆ ಸಿಗುವುದು ಕಷ್ಟ.