ಉಪಗ್ರಹಕ್ಕೆ ಚಳ್ಳಕೆರೆ ಗೊತ್ತಿಲ್ಲ

ಕಾರಿನ ಮುಂಗಾಜಿಗೆ ಅಂಟಿಕೊಂಡ ಜಿಪಿಎಸ್ ಡಬ್ಬಿಗೆ ಹನ್ನೆರಡು–ಹದಿಮೂರು ವರ್ಷ ವಯಸ್ಸು ಅಂದುಕೊಳ್ಳಿ. ಹಿರಿಯೂರು ಬಿಟ್ಟು ಚಳ್ಳಕೆರೆ ಮೇಲೆ ಬಳ್ಳಾರಿಗೆ ಹೊರಟಿದ್ದೀರಿ. ಹೆದ್ದಾರಿ ಅಗಲವಾಗಿದೆ, ಹೊಸ ದಾರಿ ಹಳೆಯದನ್ನು ಬಿಟ್ಟು ಪಕ್ಕಕ್ಕೆ ಸರಿದ ಕಡೆಯಲ್ಲೆಲ್ಲ ಪರದೆಯ ಮೇಲಿನ ಕಾರು ಶೇಂಗಾ ಹೊಲದೊಳಗೆ ಓಡುತ್ತದೆ. ರಾಷ್ಟ್ರೀಯ ಹೆದ್ದಾರಿ 150ಎ ಎಂದರೆ ಡಬ್ಬಿಗೆ ತಿಳಿಯದು. ಅದರ ಪ್ರಕಾರ ಇದಿನ್ನೂ ಬೀದರ್–ಶ್ರೀರಂಗಪಟ್ಟಣ ರಾಜ್ಯ ಹೆದ್ದಾರಿ. ಇಂಗ್ಲಿಷಿನಲ್ಲಿ 'ಬಳ್ಳಾರಿ' ಎಂದು ಒತ್ತಿದರೆ ಅಂಥ ಊರೇ ಸಿಗಲಿಲ್ಲ ಎನ್ನುತ್ತದೆ. ಆ ಕಾಗುಣಿತ ಅಧಿಕೃತವಾಗಿ ಜಾರಿಗೆ ಬಂದದ್ದೇ 2014ರ ನವೆಂಬರ್ 1ರಂದು. ಡಬ್ಬಿ ಅದಕ್ಕೂ ಮುಂಚಿನದು.

ಮೇಲಿನ ಉಪಗ್ರಹದಲ್ಲೇನೂ ದೋಷವಿಲ್ಲ. ಅದಕ್ಕೆ ಚಳ್ಳಕೆರೆಯೂ ಗೊತ್ತಿಲ್ಲ, ಬಳ್ಳಾರಿಯೂ ಗೊತ್ತಿಲ್ಲ, ರಸ್ತೆ ಎಂಬುದೊಂದು ಇದೆ ಎಂದೇ ಗೊತ್ತಿಲ್ಲ. ಅದು ಬಿಡುವಿಲ್ಲದೆ ಸಾರುತ್ತಿರುವುದು ಎರಡೇ ಮಾತು: ಈಗ ಸಮಯ ಎಷ್ಟು, ತಾನೆಲ್ಲಿದ್ದೇನೆ. ಉಳಿದದ್ದೆಲ್ಲ ಡಬ್ಬಿಯೊಳಗಿನ ಲೆಕ್ಕ ಮತ್ತು ಡಬ್ಬಿಯೊಳಗಿನ ನಕಾಶೆ. ನಕಾಶೆ ಬದಲಿಸಲು ಹೊಸ ಲ್ಯಾಪ್‌ಟಾಪ್ ಬೇಕಿಲ್ಲ. ಅಟ್ಟದ ಮೇಲೆ ದೂಳು ತಿನ್ನುತ್ತಿರುವ ಹಳೆಯ ಕಂಪ್ಯೂಟರ್ ಸಾಕು. ಯಾಕೆ ಸಾಕು, ಎಲ್ಲಿ ಅದು ಕೈಕೊಡುತ್ತದೆ ಎಂದು ತಿಳಿಯಲು ಈ ವ್ಯವಸ್ಥೆಯಲ್ಲಿ ಯಾವುದು ಎಷ್ಟು ದಿನಕ್ಕೆ ಹಳತಾಗುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು.

ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ದಿನಕ್ಕೆ ಎರಡು ಸುತ್ತು ಹಾಕುತ್ತವೆ. ಒಂದೊಂದರಲ್ಲೂ ಪರಮಾಣು ಗಡಿಯಾರಗಳಿವೆ. ಅಲ್ಲಿಂದ ಹೊರಟ ರೇಡಿಯೊ ಅಲೆ ಕಾರನ್ನು ತಲುಪಲು ಒಂದು ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಹೊತ್ತು ಸಾಕು. ಆ ಹೊತ್ತನ್ನು ಬೆಳಕಿನ ವೇಗದಿಂದ ಗುಣಿಸಿದರೆ ಉಪಗ್ರಹ ಎಷ್ಟು ದೂರ ಎಂದು ತಿಳಿಯುತ್ತದೆ. ಮೂರು ಉಪಗ್ರಹಗಳ ದೂರ ತಿಳಿದರೆ ನಿಂತ ಜಾಗ ಸಿಗಬೇಕು. ಆದರೆ ಡಬ್ಬಿಯಲ್ಲಿರುವುದು ಅಗ್ಗದ ಕ್ವಾರ್ಟ್ಜ್ ಗಡಿಯಾರ. ಅದು ಒಂದು ಮೈಕ್ರೊಸೆಕೆಂಡ್ ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಹಾಗಾಗಿ ನಾಲ್ಕನೆಯ ಉಪಗ್ರಹ ಬೇಕು. ಅಕ್ಷಾಂಶ, ರೇಖಾಂಶ, ಎತ್ತರ, ಜೊತೆಗೆ ತನ್ನ ಗಡಿಯಾರದ ತಪ್ಪು, ಈ ನಾಲ್ಕನ್ನೂ ನಾಲ್ಕು ಸಮೀಕರಣಗಳಿಂದ ಡಬ್ಬಿ ಒಟ್ಟಿಗೆ ಬಿಡಿಸುತ್ತದೆ.

ಮೇಲಿನ ಗಡಿಯಾರಗಳಿಗೂ ಆರೈಕೆ ಬೇಕು. ವೇಗವಾಗಿ ಓಡುವುದರಿಂದ ಅವು ದಿನಕ್ಕೆ 7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತವೆ. ಭೂಮಿಯ ಗುರುತ್ವ ಅಲ್ಲಿ ದುರ್ಬಲವಾದ್ದರಿಂದ 45 ಮೈಕ್ರೊಸೆಕೆಂಡ್ ಮುಂದೆ ಓಡುತ್ತವೆ. ಎರಡನ್ನೂ ಐನ್‌ಸ್ಟೈನ್ ಮೊದಲೇ ಲೆಕ್ಕ ಹಾಕಿಟ್ಟಿದ್ದರು. ಕೂಡಿ ಕಳೆದು ಉಳಿಯುವ 38 ಮೈಕ್ರೊಸೆಕೆಂಡನ್ನು ಸರಿಪಡಿಸದೆ ಬಿಟ್ಟರೆ ದೂರದ ಅಳತೆ ದಿನಕ್ಕೆ ಸುಮಾರು 11 ಕಿಲೋಮೀಟರ್ ತಪ್ಪುತ್ತ ಹೋಗುತ್ತದೆ. ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹಕ್ಕಿ ಹಾರುವ ದೂರ 45 ಕಿಲೋಮೀಟರಿನ ಆಸುಪಾಸು. ನಾಲ್ಕೇ ದಿನದಲ್ಲಿ ಅಷ್ಟು ತಪ್ಪು ಸೇರಿಬಿಡುತ್ತಿತ್ತು. ಈ ಗಡಿಯಾರಗಳನ್ನು ಕಾಯುವವರು ಅಮೆರಿಕದ ಕೊಲೊರಾಡೊ ರಾಜ್ಯದ ನಿಯಂತ್ರಣ ಕೇಂದ್ರದಲ್ಲಿದ್ದಾರೆ. ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳಿಗೆ ಅದೇ ಬಗೆಯ ಕೆಲಸ ಬೆಂಗಳೂರಿನ ಹೊರಗಿನ ಬ್ಯಾಲಾಳಿನ ಕೇಂದ್ರದಲ್ಲಿ ನಡೆಯುತ್ತದೆ.

ಇಷ್ಟೆಲ್ಲ ಆದಮೇಲೆ ಡಬ್ಬಿಯ ಕೈಗೆ ಬರುವುದು ಒಂದು ಜೊತೆ ಅಂಕಿ. ಚಳ್ಳಕೆರೆಯಾದರೆ ಉತ್ತರಕ್ಕೆ 14.32 ಡಿಗ್ರಿ, ಪೂರ್ವಕ್ಕೆ 76.65 ಡಿಗ್ರಿ, ಮೊಳಕಾಲ್ಮುರಾದರೆ 14.72 ಮತ್ತು 76.75. ತೆರೆದ ಬಯಲಿನಲ್ಲಿ ಇದರ ತಪ್ಪು ಕೆಲವೇ ಮೀಟರ್. 2000ದ ಮೇ ತಿಂಗಳವರೆಗೆ ಅಮೆರಿಕ ಸಾರ್ವಜನಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿಡುತ್ತಿತ್ತು, ಆಗ ತಪ್ಪು 100 ಮೀಟರಿನವರೆಗೂ ಇರುತ್ತಿತ್ತು. ಆ ತಡೆ ತೆಗೆದ ಮೇಲೆಯೇ ಕಾರಿನ ಡಬ್ಬಿಗಳ ವ್ಯಾಪಾರ ಕುದುರಿದ್ದು.

ಕೆಲವೇ ಮೀಟರ್ ಎಂಬುದು ಕಾರಿಗೆ ಸಾಕು. ಯಾವುದಕ್ಕೆ ಸಾಲದು ಎಂದು ತೋರಿಸುವ ಉದಾಹರಣೆ ಚಳ್ಳಕೆರೆ ತಾಲ್ಲೂಕಿನಲ್ಲೇ ಇದೆ. ಕುದಾಪುರದ ಬಳಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರಂದು ಇಸ್ರೋ ತನ್ನ ಮರುಬಳಕೆಯ ರೆಕ್ಕೆ ವಾಹನವನ್ನು ಇಳಿಸಿತು. ಚಿನೂಕ್ ಹೆಲಿಕಾಪ್ಟರ್ ಅದನ್ನು 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಪೈಲಟ್ ಇಲ್ಲದ ವಾಹನ ತಾನೇ ದಾರಿ ಹುಡುಕಿಕೊಂಡು ರನ್‌ವೇಗೆ ಇಳಿಯಿತು. 2024ರ ಮಾರ್ಚ್ 22 ಮತ್ತು ಜೂನ್ 23ರಂದು ಇನ್ನೂ ಕಷ್ಟದ ಕೋನಗಳಿಂದ ಅದನ್ನೇ ಮಾಡಿ ತೋರಿಸಿತು. ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ನೆಲ ಮುಟ್ಟುವಾಗ ಎತ್ತರದಲ್ಲಿ ಎರಡು–ಮೂರು ಮೀಟರ್ ತಪ್ಪಿದರೂ ಕಥೆ ಮುಗಿಯಿತು. ಉಪಗ್ರಹಗಳೆಲ್ಲ ತಲೆಯ ಮೇಲಿನ ಕಡೆಗೇ ಇರುವುದರಿಂದ ಈ ವಿಧಾನಕ್ಕೆ ಎತ್ತರವೇ ದುರ್ಬಲ ಅಳತೆ. ಆದ್ದರಿಂದ ಇಸ್ರೋ ನಾವಿಕ್ ಸಂಕೇತವೊಂದನ್ನೇ ನೆಚ್ಚದೆ ರೇಡಾರ್ ಎತ್ತರಮಾಪಕ, ಜಡತ್ವ ಸಂವೇದಕಗಳ ಜೊತೆಗೆ ಹುಸಿ ಉಪಗ್ರಹಗಳನ್ನೂ ಬಳಸಿತು. ಹುಸಿ ಉಪಗ್ರಹವೆಂದರೆ ಉಪಗ್ರಹದ ಥರವೇ ಸಂಕೇತ ಹೊರಡಿಸುವ, ನೆಲದ ಮೇಲೆ ನೆಟ್ಟ ಯಂತ್ರ.

ಅದೇ ಕುದಾಪುರದ ಸುತ್ತ ನಕಾಶೆ ಹೇಗೆ ಹಳತಾಗುತ್ತದೆ ಎಂಬುದೂ ಕಾಣುತ್ತದೆ. ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರಗಳ ಪಾಲಾಯಿತು. ಕುರಿ–ದನ ಅಡ್ಡಾಡುತ್ತಿದ್ದ ಬಯಲಿಗೆ ಗೋಡೆ ಎದ್ದಿತು. ಊರೂರು ಸೇರಿಸುತ್ತಿದ್ದ ಕಾಲುದಾರಿ, ಬಂಡಿದಾರಿಗಳು ತುಂಡಾದವು. ಗೋಡೆ ಎದ್ದದ್ದು ಯಾವ ಉಪಗ್ರಹದ ಸಂಕೇತದಲ್ಲೂ ಬರುವುದಿಲ್ಲ. ಡಬ್ಬಿಯ ದೃಷ್ಟಿಯಲ್ಲಿ ರಸ್ತೆಗಳೆಂದರೆ ಗಂಟು ಮತ್ತು ಗೆರೆ: ಕೂಡುರಸ್ತೆಗಳು ಗಂಟು, ನಡುವಿನ ದಾರಿ ಗೆರೆ, ಒಂದೊಂದು ಗೆರೆಗೂ ಇಷ್ಟು ನಿಮಿಷ ಎಂಬ ಅಂಕಿ. ಅವುಗಳಲ್ಲಿ ಕಡಿಮೆ ನಿಮಿಷದ ಹಾದಿ ಆರಿಸುವ ಲೆಕ್ಕವನ್ನು ಡಚ್ ಗಣಕ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದರು. ಇಂದಿನ ಡಬ್ಬಿಗಳ ಲೆಕ್ಕವೆಲ್ಲ ಅದರ ಸಂತಾನ. ಲೆಕ್ಕ ಸರಿಯಾಗಿಯೇ ಇರುತ್ತದೆ. ಗೆರೆ ಇಲ್ಲದ ಕಡೆ ಅದಕ್ಕೆ ದಾರಿ ಇಲ್ಲ, ಗೋಡೆ ಎದ್ದ ಮೇಲೂ ಗೆರೆ ಉಳಿದಿದ್ದರೆ ಅದೇ ದಾರಿ.

ಹೆಸರಿನ ತೊಡಕು ಬೇರೆ. ಅಶೋಕನ ಶಾಸನಗಳಿರುವ ಬ್ರಹ್ಮಗಿರಿಗೆ ಹೊರಟವರು ಆ ಹೆಸರು ಒತ್ತಿದರೆ ಡಬ್ಬಿ ಕೊಡಗಿನ ಬೆಟ್ಟಕ್ಕೆ ದಾರಿ ಹಾಕಬಹುದು. ಮೊಳಕಾಲ್ಮುರು ತಾಲ್ಲೂಕಿನ ಹಾನಗಲ್ಲಿಗೆ ಹಾವೇರಿ ಜಿಲ್ಲೆಯಲ್ಲಿ ಹೆಸರುವಾಸಿ ನೆಂಟನಿದ್ದಾನೆ. ಅಶೋಕನದೇ ಇನ್ನೊಂದು ಶಾಸನವಿರುವ ಸಿದ್ದಾಪುರದ ಹೆಸರಿನವು ಉತ್ತರ ಕನ್ನಡದಲ್ಲೂ ಕೊಡಗಿನಲ್ಲೂ ಇವೆ. ಮೊಳಕಾಲ್ಮುರು ಎಂಬುದನ್ನೇ ಇಂಗ್ಲಿಷಿನಲ್ಲಿ ಮೂರು–ನಾಲ್ಕು ಬಗೆಯಾಗಿ ಬರೆಯುತ್ತಾರೆ. ಇಂಥಲ್ಲಿ ಹೆಸರಿನ ಗೊಡವೆ ಬಿಟ್ಟು ಅಕ್ಷಾಂಶ–ರೇಖಾಂಶದ ಅಂಕಿಯನ್ನೇ ಒತ್ತುವುದು ಒಳ್ಳೆಯದು. ಬಹುತೇಕ ಎಲ್ಲ ಡಬ್ಬಿಗಳಲ್ಲೂ ಅದಕ್ಕೆ ಅವಕಾಶವಿದೆ. ಅಂಕಿಗೆ ಕಾಗುಣಿತದ ತಪ್ಪಿಲ್ಲ, ನಾಮಕರಣವೂ ಇಲ್ಲ.

ಈಗ ಹಳೆಯ ಕಂಪ್ಯೂಟರಿನ ಪಾತ್ರ. ಗಾರ್ಮಿನ್ ಥರದ ಕಂಪನಿಗಳ ಡಬ್ಬಿಗಳನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿದರೆ ಕಂಪ್ಯೂಟರಿಗೆ ಅದೊಂದು ಪೆನ್‌ಡ್ರೈವ್. ನಕಾಶೆಯೆಂದರೆ ಅದರೊಳಗಿನ ಒಂದು ದೊಡ್ಡ ಫೈಲ್. ಅಪ್‌ಡೇಟ್ ಎಂಬ ದೊಡ್ಡ ಹೆಸರಿನ ಹಿಂದೆ ನಡೆಯುವುದು ಫೈಲ್ ಕಾಪಿ ಮಾಡುವ ಕೆಲಸ. ಅದಕ್ಕೆ 2005ರ ಯಂತ್ರವೂ ಸಮರ್ಥ. ಮೊದಲ ಪೀಳಿಗೆಯ ಯುಎಸ್‌ಬಿ ಸೆಕೆಂಡಿಗೆ 12 ಮೆಗಾಬಿಟ್ ಸಾಗಿಸುತ್ತಿತ್ತು, 2000ದಲ್ಲಿ ಬಂದ ಎರಡನೆಯದು 480. ಹಳೆಯದಾದರೆ ನಾಲ್ಕು ಗಿಗಾಬೈಟ್‌ಗೆ ಒಂದು ಗಂಟೆಗೂ ಹೆಚ್ಚು ಕಾಯಬೇಕು, ಅಷ್ಟೇ.

ಅಡ್ಡಿಗಳು ಬರುವುದು ಬೇರೆ ಕಡೆಯಿಂದ. ಮೊದಲನೆಯದು ಕೇಬಲ್. ಚಾರ್ಜಿಂಗ್‌ಗೆಂದೇ ಮಾಡಿದ ಕೇಬಲ್‌ನಲ್ಲಿ ಮಾಹಿತಿ ಸಾಗಿಸುವ ತಂತಿಗಳೇ ಇರುವುದಿಲ್ಲ. ಡಬ್ಬಿ ಬೆಳಗುತ್ತದೆ, ಕಂಪ್ಯೂಟರಿಗೆ ಕಾಣುವುದಿಲ್ಲ. ಎರಡನೆಯದು ಅಳತೆ. ಇಂಥ ಡಬ್ಬಿ ಮತ್ತು ಕಾರ್ಡುಗಳಲ್ಲಿ ಬಳಕೆಯಲ್ಲಿರುವ ಫ್ಯಾಟ್32 ಎಂಬ ಜೋಡಣೆ ನಾಲ್ಕು ಗಿಗಾಬೈಟ್ ಮೀರಿದ ಒಂಟಿ ಫೈಲನ್ನು ಒಪ್ಪದು. ಹಳೆಯ ಕಾರ್ಡ್ ರೀಡರ್‌ಗಳಲ್ಲಿ ಎರಡು ಗಿಗಾಬೈಟ್‌ಗಿಂತ ದೊಡ್ಡ ಎಸ್‌ಡಿ ಕಾರ್ಡನ್ನೇ ಓದದವು ಬಹಳ. ಆಗ ಕಾರ್ಡನ್ನು ಡಬ್ಬಿಯೊಳಗೇ ಕೂರಿಸಿ ಡಬ್ಬಿಯ ಮೂಲಕ ತುಂಬಿಸಬಹುದು. ಮೂರನೆಯದು ಕಂಪನಿಗಳ ತಂತ್ರಾಂಶ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಬೆಂಬಲ ನಿಲ್ಲಿಸಿತು, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ. ಇಂದಿನ ಅಪ್‌ಡೇಟ್ ತಂತ್ರಾಂಶಗಳು ಅವುಗಳ ಮೇಲೆ ಏಳುವುದಿಲ್ಲ.

ನಾಲ್ಕನೆಯ ಅಡ್ಡಿ ಮೋಜಿನದು. ಬಹುಕಾಲ ಕರೆಂಟು ಕಾಣದ ಕಂಪ್ಯೂಟರಿನ ಮದರ್‌ಬೋರ್ಡ್ ಮೇಲಿರುವ, 2032 ಎಂದು ಬರೆದ ಬಟನ್ ಸೆಲ್ ಸತ್ತಿರುತ್ತದೆ. ತಾರೀಕು ಕಂಪ್ಯೂಟರ್ ತಯಾರಾದ ಕಾಲಕ್ಕೆ ಹಿಂದೆ ಹೋಗಿರುತ್ತದೆ. ಸುರಕ್ಷಿತ ಜಾಲತಾಣಗಳೆಲ್ಲ ಇಂತಿಂಥ ದಿನದಿಂದ ಇಂತಿಂಥ ದಿನದವರೆಗೆ ಎಂಬ ಪ್ರಮಾಣಪತ್ರ ತೋರಿಸುತ್ತವೆ. ಇದು 2005 ಎಂದು ನಂಬಿದ ಕಂಪ್ಯೂಟರಿಗೆ ಅವೆಲ್ಲ ಇನ್ನೂ ಹುಟ್ಟದ ಪತ್ರಗಳು; ಬಾಗಿಲು ಮುಚ್ಚುತ್ತದೆ. ಸೆಕೆಂಡಿನ ಕೋಟಿಯಲ್ಲೊಂದು ಭಾಗವನ್ನು ಲೆಕ್ಕ ಹಿಡಿಯುವ ಡಬ್ಬಿ ಪಕ್ಕದಲ್ಲೇ ಕೂತಿದ್ದರೂ ಕಂಪ್ಯೂಟರಿಗೆ ಇವತ್ತು ಯಾವ ವರ್ಷ ಎಂದು ತಿಳಿಯದು. ಸೆಲ್ ಬದಲಿಸಿ ತಾರೀಕು ಸರಿಮಾಡುವುದು ಮೊದಲ ಕೆಲಸ. ಆಮೇಲೂ ಹಳೆಯ ಬ್ರೌಸರ್ ತಕರಾರು ತೆಗೆದರೆ ನಕಾಶೆಯನ್ನು ಮೊಬೈಲಿನಲ್ಲಿ ಇಳಿಸಿಕೊಂಡು ಅಲ್ಲಿಂದ ಕಂಪ್ಯೂಟರಿಗೆ ದಾಟಿಸಿದರಾಯಿತು.

ಕಂಪನಿ ಕೈಬಿಟ್ಟ ಡಬ್ಬಿಗೆ ನಕಾಶೆ ಎಲ್ಲಿಂದ? 2004ರಲ್ಲಿ ಬ್ರಿಟನ್ನಿನ ಸ್ಟೀವ್ ಕೋಸ್ಟ್ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ. ಜನರೇ ತಿದ್ದಿ ಬೆಳೆಸುವ ಈ ಉಚಿತ ನಕಾಶೆಯನ್ನು ಗಾರ್ಮಿನ್ ಓದುವ ರೂಪಕ್ಕೆ ತಿರುಗಿಸುವ ಉಚಿತ ತಂತ್ರಾಂಶವೂ ಇದೆ, ತಿರುಗಿಸಿಟ್ಟ ಫೈಲುಗಳೂ ಸಿಗುತ್ತವೆ. ಮೊದಲು ಡಬ್ಬಿಯೊಳಗಿನ ಎಲ್ಲವನ್ನೂ ಕಂಪ್ಯೂಟರಿಗೆ ನಕಲು ಮಾಡಿಡಬೇಕು. 'ಜಿಮ್ಯಾಪ್‌ಪ್ರಾಮ್' ಹೆಸರಿನ ಮೂಲ ನಕಾಶೆಯನ್ನು ಮುಟ್ಟಬಾರದು. ಹೊಸ ಫೈಲಿಗೆ 'ಜಿಮ್ಯಾಪ್‌ಸಪ್' ಎಂದು ಹೆಸರಿಟ್ಟು ಮೆಮೊರಿ ಕಾರ್ಡಿನ ಗಾರ್ಮಿನ್ ಫೋಲ್ಡರಿನಲ್ಲಿ ಹಾಕಬೇಕು. ಕೆಟ್ಟರೆ ಕಾರ್ಡ್ ಹೊರತೆಗೆದರೆ ಸಾಕು, ಡಬ್ಬಿ ಮೊದಲಿನಂತಾಗುತ್ತದೆ. ಕಾರಿನೊಳಗೇ ಕೂರಿಸಿದ ಪರದೆಗಳಲ್ಲಿ ಮಾತ್ರ ನಕಾಶೆಗೆ ಬೀಗ ಜಡಿದಿರುವುದು ಸಾಮಾನ್ಯ. ಅಲ್ಲಿ ಈ ಉಪಾಯ ನಡೆಯದು.

ನಕಾಶೆ ಹೊಸದಾದ ಮೇಲೂ ಡಬ್ಬಿ ಬಹಳ ಹೊತ್ತು 'ಉಪಗ್ರಹ ಹುಡುಕುತ್ತಿದೆ' ಎಂದು ತೋರಿಸಬಹುದು. ಕೆಟ್ಟಿತೆಂದು ಎಸೆಯಬೇಡಿ. ಒಂದೊಂದು ಉಪಗ್ರಹವೂ ತನ್ನ ನಿಖರ ಪಥವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ. ಆ ಮಾಹಿತಿ ಕೆಲವೇ ಗಂಟೆಗಳಲ್ಲಿ ಹಳತಾಗುತ್ತದೆ. ಎಲ್ಲ ಉಪಗ್ರಹಗಳೂ ಸ್ಥೂಲವಾಗಿ ಎಲ್ಲೆಲ್ಲಿ ಇರುತ್ತವೆ ಎಂಬ, ಪಂಚಾಂಗದಂಥ ಪಟ್ಟಿಯೊಂದು ಬೇರೆ ಇದೆ. ಸೆಕೆಂಡಿಗೆ ಬರೀ 50 ಬಿಟ್‌ನಂತೆ ಬರುವ ಅದನ್ನು ಪೂರ್ತಿ ಕೇಳಿಸಿಕೊಳ್ಳಲು ಹನ್ನೆರಡೂವರೆ ನಿಮಿಷ ಬೇಕು. ವರ್ಷಗಟ್ಟಲೆ ಮಲಗಿದ್ದ ಡಬ್ಬಿಯನ್ನು ಬಯಲಲ್ಲಿ ಆಕಾಶಕ್ಕೆ ಮುಖಮಾಡಿ ಕಾಲು ಗಂಟೆ ಬಿಟ್ಟರೆ ತಾನೇ ಚೇತರಿಸಿಕೊಳ್ಳುತ್ತದೆ.

ಕೊನೆಯದು ತಾರೀಕಿನ ಗಂಡಾಂತರ. ಜಿಪಿಎಸ್ ವಾರಗಳ ಎಣಿಕೆ 1980ರ ಜನವರಿ 6ರಿಂದ ಶುರು. ಸಂಕೇತದಲ್ಲಿ ಅದಕ್ಕೆ ಕೊಟ್ಟ ಜಾಗ ಹತ್ತೇ ಬಿಟ್. 1,024 ವಾರ, ಅಂದರೆ ಹತ್ತೊಂಬತ್ತೂವರೆ ವರ್ಷ ಮೀರಿದೊಡನೆ ಎಣಿಕೆ ಸೊನ್ನೆಗೆ ಬೀಳುತ್ತದೆ. 1999ರ ಆಗಸ್ಟ್‌ನಲ್ಲಿ ಒಮ್ಮೆ ಬಿತ್ತು. ಎರಡನೆಯ ಸಲ ಬಿದ್ದದ್ದು 2019ರ ಏಪ್ರಿಲ್ 7ರ ಬೆಳಗ್ಗೆ, ಭಾರತೀಯ ಸಮಯ ಐದೂವರೆಗೆ. ಆಗ ನ್ಯೂಯಾರ್ಕ್ ನಗರಾಡಳಿತದ ನಿಸ್ತಂತು ಜಾಲ ದಿನಗಟ್ಟಲೆ ನಿಂತುಹೋಯಿತು. ತಂತ್ರಾಂಶ ತಿದ್ದದ ಡಬ್ಬಿಗಳು ದಾರಿಯನ್ನು ಸಾಮಾನ್ಯವಾಗಿ ಸರಿಯಾಗಿಯೇ ತೋರಿಸುತ್ತವೆ, ವರ್ಷ ಮಾತ್ರ ಇಪ್ಪತ್ತರಷ್ಟು ಹಿಂದಿನದು. ಮುಂದಿನ ಸರದಿ 2038ರ ನವೆಂಬರ್‌ನದು. ಹೊಸ ಮಾದರಿಯ ಸಂಕೇತದಲ್ಲಿ ಹದಿಮೂರು ಬಿಟ್ ಇರುವುದರಿಂದ ಅದನ್ನು ಓದಬಲ್ಲ ಯಂತ್ರಗಳಿಗೆ 1980ರಿಂದ ಎಣಿಸಿ 157 ವರ್ಷ ಚಿಂತೆಯಿಲ್ಲ.

ಹೀಗೆ ಉಪಗ್ರಹದ ಪಥಕ್ಕೆ ಕೆಲವು ಗಂಟೆ, ವಾರದ ಎಣಿಕೆಗೆ ಹತ್ತೊಂಬತ್ತೂವರೆ ವರ್ಷದ ಆಯುಸ್ಸು. ಇವೆರಡನ್ನೂ ಕಾಯಲು ಸಂಬಳದ ತಜ್ಞರಿದ್ದಾರೆ. ನಕಾಶೆಗೆ ಮಾತ್ರ ನಿಗದಿಯಾದ ಅವಧಿಯಿಲ್ಲ. ಊರಿನಲ್ಲಿ ಒಂದು ರಸ್ತೆ ಬದಲಾದ ದಿನವೇ ಅದು ಅಷ್ಟರ ಮಟ್ಟಿಗೆ ಹಳತು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಊರಿನ ಕನ್ನಡ ಹೆಸರಿಗೆ ಪ್ರತ್ಯೇಕ ಖಾನೆಯೇ ಇದೆ, ತುಂಬುವವರು ಬೇಕು. ಹಾನಗಲ್ಲಿನ ಕೂಡುರಸ್ತೆ ಈಗ ಎಲ್ಲಿ ತಿರುಗುತ್ತದೆ, ಕಾವಲಿನ ಯಾವ ದಾರಿಗೆ ಗೋಡೆ ಅಡ್ಡ ಬಂದಿದೆ ಎಂಬುದು ಕೊಲೊರಾಡೊದವರಿಗೂ ಬ್ಯಾಲಾಳಿನವರಿಗೂ ತಿಳಿಯುವ ಸಂಗತಿಯಲ್ಲ. ಅದನ್ನು ನಕಾಶೆಯಲ್ಲಿ ಬರೆಯಬೇಕಾದವರು ಅಲ್ಲಿ ದಿನಾ ಓಡಾಡುವವರೇ. ಹಳೆಯ ಕಂಪ್ಯೂಟರ್ ಹೇಗೂ ಅಟ್ಟದಿಂದ ಕೆಳಗಿಳಿದಿದೆ. ಹೊಸ ನಕಾಶೆ ತುಂಬಿಸಿಕೊಂಡ ಮೇಲೆ ಸ್ವಂತ ಊರಿನ ಎರಡು ರಸ್ತೆಗಳನ್ನು ತಿದ್ದಿ ಕಳಿಸಲು ಅದೇ ಸಾಕು.