ಗಂಜ್‌ಗೆ ಬಂದ ಹೊಸ ಲೆಕ್ಕ

ಹಿಂದೆ ಗುಲ್ಬರ್ಗಾದ ಪೇಟೆಯಲ್ಲಿ ನೂರು ರೂಪಾಯಿ ಎಂದರೆ ‘ಯಾವ ನೂರು?’ ಎಂಬ ಮರುಪ್ರಶ್ನೆ ಬರುವುದು ಸಹಜವಾಗಿತ್ತು. ನಿಜಾಮರ ಸಂಸ್ಥಾನಕ್ಕೆ ತನ್ನದೇ ನಾಣ್ಯವಿತ್ತು. ಅದು ಹಾಲಿ ಸಿಕ್ಕಾ. ಬ್ರಿಟಿಷ್ ಸರ್ಕಾರದ ರೂಪಾಯಿಯನ್ನು ಜನ ಕಲ್ದಾರ ಎನ್ನುತ್ತಿದ್ದರು. 100 ಕಲ್ದಾರ ರೂಪಾಯಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಸುಲಭವಾಗಿ ಹೇಳುವುದಾದರೆ ಆರು ಕಲ್ದಾರಕ್ಕೆ ಏಳು ಹಾಲಿ. ರೈತ ಕಂದಾಯ ಕಟ್ಟುವುದು ಹಾಲಿಯಲ್ಲಿ. ರೈಲು ಹತ್ತಿ ಸೊಲ್ಲಾಪುರಕ್ಕೋ ಮುಂಬಯಿಗೋ ಹೋದ ಮಾಲಿಗೆ ಹಣ ಬರುವುದು ಕಲ್ದಾರದಲ್ಲಿ. ಈ ಏಳು-ಆರರ ಲೆಕ್ಕವನ್ನು ಬಾಯಲ್ಲೇ ಮಾಡಬಲ್ಲ ವ್ಯಾಪಾರಿಗೆ ಮಾಲು ಮಾರಿದ ಲಾಭದ ಜೊತೆಗೆ ವಟ್ಟದ ಲಾಭವೂ ಸಿಗುತ್ತಿತ್ತು.

1948ರಲ್ಲಿ ಹೈದರಾಬಾದ್ ಭಾರತದಲ್ಲಿ ಸೇರಿತು. 1950ರ ದಶಕದಲ್ಲಿ ಹಾಲಿ ಸಿಕ್ಕಾ ಚಲಾವಣೆಯಿಂದ ಹೋಯಿತು. ಆದರೆ ಅದು ಒಂದೇ ದಿನದಲ್ಲಿ ಹೋಗಲಿಲ್ಲ. ಕೆಲವು ಕಾಲ ಎರಡೂ ನಾಣ್ಯ ಜೊತೆಯಲ್ಲೇ ನಡೆದವು. ಹೊಸ ಪದ್ಧತಿ ತರುವವರಿಗೆ ಇದು ರೇಜಿಗೆಯ ಕಾಲ. ಬಳಸುವವರಿಗೆ ಮಾತ್ರ ಇದು ಉಸಿರಾಡಿಕೊಳ್ಳುವ ಕಾಲ. ಅಂಗಡಿ, ಸಂಸ್ಥೆ, ಸರ್ಕಾರ, ಯಾರೇ ಹೊಸ ವ್ಯವಸ್ಥೆ ತಂದಾಗಲೂ ಬರುವ ತೊಡಕುಗಳನ್ನು ಅರಿಯಲು ಈ ಒಂದು ಮಾರುಕಟ್ಟೆಯ ಚರಿತ್ರೆ ಸಾಕಷ್ಟು ಸಾಮಗ್ರಿ ಒದಗಿಸುತ್ತದೆ.

ಹಾಲಿಯ ಗೋಜು ಮುಗಿಯುವಷ್ಟರಲ್ಲಿ ನಯಾಪೈಸೆ ಬಂತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ಹದಿನಾರು ಆಣೆಯ ಬದಲು ನೂರು ಪೈಸೆ. ಕಾಗದದ ಮೇಲೆ ಇದಕ್ಕಿಂತ ಸರಳವಾದದ್ದು ಇನ್ನೊಂದಿಲ್ಲ. ತೊಡಕು ಇದ್ದದ್ದು ಒಂದು ಆಣೆಯಲ್ಲಿ. ಆಣೆಗೆ ಸರಿಯಾಗಿ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯ ಎಲ್ಲಿದೆ? ಸರ್ಕಾರ ಕೋಷ್ಟಕ ಹೊರಡಿಸಿತು: 1 ಆಣೆಗೆ 6, 2 ಆಣೆಗೆ 12, 3 ಆಣೆಗೆ 19, 4 ಆಣೆಗೆ 25 ಪೈಸೆ. ಹೀಗಾಗಿ ಒಂದೊಂದು ಆಣೆಯಂತೆ ಹದಿನಾರು ಸಲ ಕೊಂಡವನು ತೆರುವುದು 96 ಪೈಸೆ. ಅಂಗಡಿಯವನು ಆಣೆಯನ್ನು ಏಳು ಪೈಸೆ ಎಂದು ಹಿಡಿದರೆ ಅದೇ ಗಿರಾಕಿ ತೆರುವುದು 112 ಪೈಸೆ. ನಾಲ್ಕಾಣೆ, ಎಂಟಾಣೆಯ ವ್ಯವಹಾರ ಮಾಡುವವನಿಗೆ ಏನೂ ವ್ಯತ್ಯಾಸವಿಲ್ಲ. ದಿನಕ್ಕೆ ಒಂದಾಣೆಯ ಎಣ್ಣೆ, ಒಂದಾಣೆಯ ಬೆಲ್ಲ ಕೊಳ್ಳುವ ಮನೆಗೆ ಮಾತ್ರ ಹೊಸ ನಾಣ್ಯದ ಬಿಸಿ ತಟ್ಟಿತು. ಬದಲಾವಣೆಯ ಖರ್ಚನ್ನು ಎಲ್ಲರೂ ಸಮನಾಗಿ ಹಂಚಿಕೊಳ್ಳುವುದಿಲ್ಲ. ಚಿಲ್ಲರೆಯಲ್ಲಿ ಬದುಕುವವರ ಮೇಲೆ ಅದು ಹೆಚ್ಚು ಬೀಳುತ್ತದೆ.

ತೂಕದ ಕಥೆ ಸ್ವಲ್ಪ ಸಲೀಸು. 1958ರ ಅಕ್ಟೋಬರ್‌ನಿಂದ ಕಿಲೋಗ್ರಾಂ ಹಂತ ಹಂತವಾಗಿ ಬಂದು 1962ರ ಏಪ್ರಿಲ್‌ಗೆ ಕಡ್ಡಾಯವಾಯಿತು. 933 ಗ್ರಾಮಿನ ಸೇರು ಕಿಲೋಗ್ರಾಮಿಗೆ ಹತ್ತಿರವೇ ಇದ್ದುದರಿಂದ ಗೃಹಿಣಿಗೆ ಅಂದಾಜು ತಪ್ಪಲಿಲ್ಲ. ಹೈದರಾಬಾದ್ ಸೀಮೆಯ ಪಲ್ಲ, ಅಂದರೆ 120 ಸೇರು, ಸುಮಾರು 112 ಕಿಲೋ. ಅದರ ಜಾಗಕ್ಕೆ ನೂರು ಕಿಲೋದ ಕ್ವಿಂಟಲ್ ಬಂದು ಕೂತಿತು. ಅಕ್ಕಸಾಲಿಗರ ತೊಲ ಮಾತ್ರ ಜಾಣತನ ಮಾಡಿತು. ಹಳೆಯ 11.66 ಗ್ರಾಂ ಬಿಟ್ಟು ಹತ್ತು ಗ್ರಾಂ ಆಯಿತು, ಹೆಸರನ್ನು ಬಿಡಲಿಲ್ಲ. ಹೊಸ ಪದಾರ್ಥಕ್ಕೆ ಹಳೆಯ ಹೆಸರು ಉಳಿದರೆ ಜನ ಬೇಗ ಒಪ್ಪುತ್ತಾರೆ.

ಇಷ್ಟೆಲ್ಲ ಜೀರ್ಣಿಸಿಕೊಂಡ ಗಂಜ್‌ಗೆ 2014ರಲ್ಲಿ ಕಂಪ್ಯೂಟರ್ ಬಂತು. ಆ ವರ್ಷ ಕರ್ನಾಟಕ ಸರ್ಕಾರವು ಒಂದು ಸರಕು ವಿನಿಮಯ ಸಂಸ್ಥೆಯೊಡನೆ ಪಾಲುದಾರಿಕೆಯಲ್ಲಿ ಕಂಪನಿ ಸ್ಥಾಪಿಸಿ, ರಾಜ್ಯದ ಕೃಷಿ ಮಾರುಕಟ್ಟೆಗಳನ್ನು ಒಂದೇ ಜಾಲಕ್ಕೆ ಸೇರಿಸುವ ‘ಏಕೀಕೃತ ಮಾರುಕಟ್ಟೆ ವೇದಿಕೆ’ಯನ್ನು ಆರಂಭಿಸಿತು. (ಗುಲ್ಬರ್ಗಾ ಕಲಬುರಗಿ ಆದದ್ದೂ ಅದೇ ವರ್ಷದ ನವೆಂಬರ್‌ನಲ್ಲಿ. ಬೋರ್ಡು ಬರೆಸುವುದು ಎಷ್ಟೋ ಸುಲಭದ ಕೆಲಸ.)

ಅದಕ್ಕೆ ಮುಂಚೆ ತೊಗರಿಯ ವ್ಯಾಪಾರ ನಡೆಯುತ್ತಿದ್ದುದು ಚೀಟಿಯಲ್ಲಿ. ರೈತ ಅಡತಿ ಅಂಗಡಿಯ ಮುಂದೆ ಮಾಲು ಇಳಿಸುತ್ತಿದ್ದ. ಖರೀದಿದಾರರು ಬಂದು ನೋಡಿ, ಚೀಟಿಯಲ್ಲಿ ದರ ಬರೆದು ಹಾಕುತ್ತಿದ್ದರು. ಚೀಟಿಗಳನ್ನು ಬಿಡಿಸಿದಾಗ ಹೆಚ್ಚಿನ ದರ ಬರೆದವನಿಗೆ ಮಾಲು. ಚೀಟಿ ತಿದ್ದಬಹುದು, ಕಳೆಯಬಹುದು. ನಾಲ್ಕು ಜನ ಖರೀದಿದಾರರು ಚಹಾದಂಗಡಿಯಲ್ಲೇ ದರ ಗೊತ್ತುಮಾಡಿಕೊಳ್ಳಬಹುದು. ಹೊಸ ಕ್ರಮದಲ್ಲಿ ಗೇಟಿನಲ್ಲೇ ಮಾಲಿಗೆ ಲಾಟ್ ಸಂಖ್ಯೆ. ಖರೀದಿದಾರ ದರವನ್ನು ಕಂಪ್ಯೂಟರಿಗೆ ತುಂಬಬೇಕು, ಗೊತ್ತಾದ ವೇಳೆಗೆ ಯಂತ್ರವೇ ಹೆಚ್ಚಿನ ದರವನ್ನು ಆರಿಸುತ್ತದೆ. ದರ ಒಪ್ಪಿಗೆಯಾಗದಿದ್ದರೆ ರೈತ ಬೇಡವೆನ್ನಬಹುದು. ಒಂದೇ ಲೈಸೆನ್ಸಿನಲ್ಲಿ ದೂರದ ಊರಿನ ವ್ಯಾಪಾರಿಯೂ ಕೂತಲ್ಲಿಂದಲೇ ದರ ಹಾಕಬಹುದು ಎಂಬುದು ಇದರ ಮುಖ್ಯ ಆಸೆ. ಕೊಳ್ಳುವವರು ಹೆಚ್ಚಿದರೆ ದರ ಏರುತ್ತದೆ ಎಂಬ ತರ್ಕದಲ್ಲಿ ತಪ್ಪೇನಿಲ್ಲ.

ತೊಡಕು ಎದುರಾದದ್ದು ಹಲ್ಲಿನಲ್ಲಿ. ತೊಗರಿ ಕೊಳ್ಳುವವನು ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಕಾಳನ್ನು ಅಂಗೈಯಲ್ಲಿ ಉಜ್ಜಿ, ಒಂದೆರಡನ್ನು ಕಡಿದು ನೋಡುತ್ತಾನೆ. ಕಟ್ಟೆಂದು ಒಡೆದರೆ ಒಣಗಿದ ಮಾಲು, ಮೆತ್ತಗಾದರೆ ಹಸಿ. ಹಸಿ ಮಾಲು ದಾಲ್ ಮಿಲ್ಲಿನಲ್ಲಿ ಸರಿಯಾಗಿ ಬೇಳೆಯಾಗುವುದಿಲ್ಲ. ದೂರದ ವ್ಯಾಪಾರಿಗೆ ಈ ಹಲ್ಲಿನ ಸೌಕರ್ಯ ಇಲ್ಲ. ಆತನಿಗೆ ತೇವ, ಕಸ, ನುಚ್ಚು ಇವುಗಳ ಪ್ರಮಾಣವನ್ನು ಪರೀಕ್ಷಿಸಿ ಬರೆದ ವರದಿ ಬೇಕು. ಒಂದು ಲಾಟಿನ ಪರೀಕ್ಷೆಗೆ ಹತ್ತೇ ನಿಮಿಷ ಎಂದುಕೊಂಡರೂ ಆರುನೂರು ಲಾಟಿಗೆ ನೂರು ಗಂಟೆ. ತೊಗರಿಯ ಹಂಗಾಮಿನಲ್ಲಿ ಎರಡು ಚೀಲ, ಐದು ಚೀಲ ಹೊತ್ತು ತರುವ ರೈತರೇ ಬಹಳ. ಪ್ರತಿಯೊಬ್ಬರದೂ ಒಂದೊಂದು ಲಾಟ್. ಕಂಪ್ಯೂಟರ್ ಕೊಳ್ಳಲು ಹಣ ಸಿಗುತ್ತದೆ. ನಂಬಬಹುದಾದ ವರದಿ ಬರೆಯುವ ಪ್ರಯೋಗಾಲಯ, ಅದರ ನುರಿತ ನೌಕರರು, ವರದಿ ಸುಳ್ಳಾದಾಗ ಜವಾಬ್ದಾರಿ ಹೊರುವವರು, ಇವು ಸುಲಭಕ್ಕೆ ಸಿಗುವುದಿಲ್ಲ. ದೂರದವರು ಬಾರದಿದ್ದರೆ ಅದೇ ನಾಲ್ಕು ಜನ ಚೀಟಿಯ ಬದಲು ಯಂತ್ರದಲ್ಲಿ ಅದೇ ದರ ತುಂಬಿದಂತಾಗುತ್ತದೆ.

ಇನ್ನೊಂದು ತೊಡಕು ಹಣ ಪಾವತಿಯದು. ಹಣ ನೇರವಾಗಿ ರೈತನ ಬ್ಯಾಂಕ್ ಖಾತೆಗೆ ಎಂದಾಗ ಅಡತಿಯವರು ವಿರೋಧಿಸಿದರು. ದಲಾಲರ ಹಟ ಎಂದು ಹೊರಗಿನವರು ಇದನ್ನು ಬಗೆಯುವುದುಂಟು, ಅದರಲ್ಲಿ ಅರ್ಧ ಸತ್ಯ ಇಲ್ಲದೆಯೂ ಇಲ್ಲ. ಆದರೆ ಅಡತಿಯವನು ಏನೇನು ಕೆಲಸ ಮಾಡುತ್ತಿದ್ದ ಎಂಬುದನ್ನು ನೋಡಬೇಕು. ಬಿತ್ತನೆಗೆ, ಬೇನೆಗೆ, ಮಗಳ ಮದುವೆಗೆ ಕಾಗದಪತ್ರ ಕೇಳದೆ ಕೈಗಡ ಕೊಡುವವನು ಆತ. ಖರೀದಿದಾರ ಹಣ ಕೊಡುವುದು ವಾರದ ಮೇಲಾದರೂ ರೈತನಿಗೆ ಸಂಜೆಯೇ ನಗದು ಎಣಿಸುವವನು ಆತ. ದರ ಬಿದ್ದರೆ ಮಾಲನ್ನು ಅಂಗಡಿಯಲ್ಲಿ ಇಟ್ಟುಕೊಳ್ಳುವವನು, ರಾತ್ರಿಯಾದರೆ ಕಟ್ಟೆಯ ಮೇಲೆ ಮಲಗಲು ಜಾಗ ಕೊಡುವವನು. ಇದಕ್ಕೆಲ್ಲ ಆತ ಬಡ್ಡಿಯನ್ನೂ ಎಣಿಸುತ್ತಿದ್ದ. ಸಾಲದಲ್ಲಿದ್ದ ರೈತ ಬೇರೆ ಅಂಗಡಿಗೆ ಮಾಲು ಒಯ್ಯುವ ಹಾಗೂ ಇರಲಿಲ್ಲ. ಹೊಸ ವೇದಿಕೆ ದರ ಗೊತ್ತುಮಾಡುವ ಒಂದು ಕೆಲಸವನ್ನು ಚೆನ್ನಾಗಿ ಮಾಡಿತು. ಉಳಿದ ನಾಲ್ಕಾರು ಕೆಲಸಗಳನ್ನು ಯಾರು ಮಾಡಬೇಕೆಂದು ಯೋಚಿಸಿದವರು ಕಡಿಮೆ.

ಆದ್ದರಿಂದಲೇ ಬ್ಯಾಂಕ್ ಪಾವತಿಗೆ ರೈತರಲ್ಲೂ ಅಳುಕಿತ್ತು. ಬೆಳೆ ಸಾಲ ಇದ್ದವನಿಗೆ ಖಾತೆಗೆ ಬಿದ್ದ ಹಣವನ್ನು ಬ್ಯಾಂಕ್ ಸಾಲಕ್ಕೆ ಜಮಾ ಮಾಡಿಕೊಂಡರೆ ಎಂಬ ಭಯ. ಇದರಲ್ಲಿ ಊರಿನ ದೂರವೂ ಲೆಕ್ಕಕ್ಕೆ ಬರುತ್ತದೆ. ನಗರದ ಅಂಚಿನ ಕೋಟನೂರಿನ ರೈತನಿಗೆ ನಾಳೆ ಮತ್ತೆ ಬರುವುದು ದೊಡ್ಡ ಮಾತಲ್ಲ. ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದ ಕಡೆಯಿಂದ ಬಾಡಿಗೆ ಟೆಂಪೊದಲ್ಲಿ ಮಾಲು ತಂದವನಿಗೆ ಟೆಂಡರ್ ಒಂದು ದಿನ ಮುಂದೆ ಹೋದರೆ ಬಾಡಿಗೆ, ಹಮಾಲಿ, ಊಟ ಎಲ್ಲವೂ ಮೇಲಿನ ಖರ್ಚು. ಬೇಡವೆನ್ನುವ ಹಕ್ಕು ಇಬ್ಬರಿಗೂ ಒಂದೇ. ಅದನ್ನು ಬಳಸುವ ಶಕ್ತಿ ಒಂದೇ ಅಲ್ಲ.

ಹಾಗಾದರೆ ಪ್ರಯೋಗ ಸೋತಿತೇ? ಹಾಗೆನ್ನಲು ಬಾರದು. 2020ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಈ ವೇದಿಕೆಯಿಂದ ಕರ್ನಾಟಕದಲ್ಲಿ ಭತ್ತದ ದರ ಶೇ 5.1, ಶೇಂಗಾ ಶೇ 3.6, ಮೆಕ್ಕೆಜೋಳ ಶೇ 3.5ರಷ್ಟು ಏರಿತು. ಅಧ್ಯಯನ ಮಾಡಿದವರಲ್ಲಿ ಒಬ್ಬರು ವೇದಿಕೆ ನಡೆಸಿದ ಸಂಸ್ಥೆಯವರೇ ಎಂಬುದನ್ನೂ ಓದುಗರು ನೆನಪಿಡಬೇಕು. ಫಲ ಎಲ್ಲ ಸರಕಿಗೂ ಒಂದೇ ಬಗೆಯದಾಗಿರಲಿಲ್ಲ. ಪರೀಕ್ಷೆಯ ವ್ಯವಸ್ಥೆ ಹೇಗಿದೆ, ಕೊಳ್ಳುವವರು ಎಷ್ಟು ಜನ ಎಂಬುದರ ಮೇಲೆ ಅದು ನಿಂತಿತ್ತು. 2016ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ‘ಇ-ನಾಮ್’ ಎಂಬ ಇಂಥದೇ ಜಾಲ ಆರಂಭಿಸಿದಾಗ ಅದರ ಮುಂದೆಯೂ ಇದ್ದವು ಇವೇ ಪ್ರಶ್ನೆಗಳು.

2019ರಲ್ಲಿ ಕಲಬುರಗಿಯ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಈ ಸೀಮೆಯ ಕಪ್ಪು ಮಣ್ಣಿನ ಬೇಳೆಗೆ ಬೇರೆಯದೇ ರುಚಿ ಎಂದು ಅಡುಗೆ ಮನೆಗಳು ಮೊದಲಿನಿಂದ ಹೇಳುತ್ತಿದ್ದುದಕ್ಕೆ ಸರ್ಕಾರದ ಮುದ್ರೆ ಬಿದ್ದಂತಾಯಿತು. ಆದರೆ ಊರಿನ ಹೆಸರು ಹೊತ್ತ ಮುದ್ರೆ ಈ ಚೀಲ ಒಣಗಿದೆಯೇ, ಆ ಚೀಲ ಹಸಿಯೇ ಎಂದು ಹೇಳಲಾರದು. ಅದನ್ನು ಹೇಳುವ ವರದಿಯ ಮೇಲೆ ಬೇರೆ ಊರಿನ ಮಿಲ್ಲಿನವನಿಗೆ ವಿಶ್ವಾಸ ಹುಟ್ಟುವವರೆಗೆ, ಲಾಟ್ ಸಂಖ್ಯೆ ಅಂಟಿಸಿದ ರಾಶಿಯೊಳಗೂ ಒಂದು ಕೈ ಇಳಿಯಲೇಬೇಕು, ಎರಡು ಕಾಳು ಹಲ್ಲಿನಡಿ ಹೋಗಲೇಬೇಕು.