ನಲ್ಲಿ ಬಂತು, ನೀರು ಎಲ್ಲಿಂದ ಬರ್ತದೆ?



ನೀರಿಲ್ಲದೆ ಬಾಳಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ಕೊಡದ ಭಾರ ಹೊತ್ತವರಿಗೇ ಗೊತ್ತು. ಹಳ್ಳಿಗಳಲ್ಲಿ ಅದನ್ನು ಹೊರೋದು ಹೆಚ್ಚಾಗಿ ತಾಯಂದಿರು, ಅಕ್ಕತಂಗಿಯರು. ಈ ಭಾರ ಇಳಿಸಲು ಸರ್ಕಾರ ಏನೇನು ಮಾಡಿದೆ? ತಿಳಿಯೋಣ.

1972-73ರಲ್ಲಿ ಕೇಂದ್ರ ಸರ್ಕಾರ ಹಳ್ಳಿಗಳ ಕುಡಿಯುವ ನೀರಿಗೆಂದೇ ರಾಜ್ಯಗಳಿಗೆ ಹಣ ಕೊಡಲು ಶುರುಮಾಡಿತು. 1986ರಲ್ಲಿ ರಾಷ್ಟ್ರೀಯ ಕುಡಿಯುವ ನೀರಿನ ಮಿಷನ್ ಬಂತು. ಆಗಿನ ಲೆಕ್ಕ ಹೀಗಿತ್ತು: ಒಬ್ಬರಿಗೆ ದಿನಕ್ಕೆ 40 ಲೀಟರ್, 250 ಜನಕ್ಕೆ ಒಂದು ಬೋರಿಂಗು. ಬಯಲು ಪ್ರದೇಶದಲ್ಲಿ ನೀರು 1.6 ಕಿ.ಮೀ. ಒಳಗೆ ಸಿಕ್ಕರೆ ಸಾಕು. ಅಂದರೆ ಹೋಗಿ ಬರೋಕೆ 3 ಕಿ.ಮೀ.ಗೂ ಹೆಚ್ಚು!

2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆಯಾಯಿತು. ನಮ್ಮ ರಾಜ್ಯದಲ್ಲಿ ಇದರ ಹೆಸರು ‘ಮನೆ ಮನೆಗೆ ಗಂಗೆ’. ಹಳ್ಳಿಯ ಪ್ರತಿ ಮನೆಗೂ ನಲ್ಲಿ, ತಲೆಗೆ 55 ಲೀಟರ್ ನೀರು ಎಂಬುದು ಗುರಿ. ಐದು ಜನರ ಮನೆಗೆ 275 ಲೀಟರ್, 15 ಲೀಟರಿನ ಕೊಡದಲ್ಲಿ ಸುಮಾರು 18 ಕೊಡ. ಶುರುವಿನಲ್ಲಿ ದೇಶದ 100 ಹಳ್ಳಿ ಮನೆಗಳಲ್ಲಿ 17ಕ್ಕೆ ಮಾತ್ರ ನಲ್ಲಿ ಇತ್ತು. 2025ರ ಆರಂಭಕ್ಕೆ ಸುಮಾರು 80 ಮನೆಗೆ ಬಂತು. 2024ಕ್ಕೆ ಮುಗಿಯಬೇಕಿದ್ದ ಕೆಲಸವನ್ನು 2028ರವರೆಗೆ ಮುಂದುವರಿಸುವುದಾಗಿ 2025ರ ಬಜೆಟ್ಟಿನಲ್ಲಿ ಹೇಳಿದರು.

ನೀರು ಮನೆಗೆ ಬರೋದು ಹೇಗೆ? ಕೊಳವೆ ಬಾವಿ ಅಥವಾ ಹೊಳೆಯಿಂದ ಮೋಟಾರು ನೀರನ್ನು ಮೇಲಿನ ಟ್ಯಾಂಕಿಗೆ ಏರಿಸ್ತದೆ. ಕ್ಲೋರಿನ್ ಹಾಕಿ ರೋಗಾಣು ಕೊಲ್ತಾರೆ. ಅಲ್ಲಿಂದ ನೀರು ತನ್ನ ಭಾರಕ್ಕೇ ಇಳಿದು ಬರ್ತದೆ. ಅದಕ್ಕೇ ಟ್ಯಾಂಕು ಎತ್ತರದಲ್ಲಿರೋದು. ಯಾರಾದರೂ ನಲ್ಲಿಗೆ ಮೋಟಾರು ಹಚ್ಚಿ ಎಳೆದರೆ ಕೊನೇ ಮನೆಗೆ ನೀರು ಹೋಗೋದಿಲ್ಲ. ಪೈಪು ಒಡೆದಿದ್ದರೆ ಚರಂಡಿ ನೀರೂ ಒಳಗೆ ಸೇರ್ತದೆ.

ಇನ್ನೊಂದು ಮಾತು. ಕೋಲಾರ, ಪಾವಗಡದಂಥ ಕಡೆ ಆಳದ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಲೆಯಾಗ್ತದೆ, ಇನ್ನೂ ಹೆಚ್ಚಾದರೆ ಮೂಳೆ ಕೆಡ್ತದೆ. ಕಾಯಿಸಿದರೆ ಫ್ಲೋರೈಡ್ ಹೋಗೋದಿಲ್ಲ, ನೆನಪಿರಲಿ.

ಊರಿನ ನೀರು ಸಮಿತಿಯಲ್ಲಿ ಅರ್ಧ ಜನ ಹೆಂಗಸರಿರಬೇಕು ಅಂತ ನಿಯಮವಿದೆ. ಅವರು ಕೇಳಬೇಕು, ಗ್ರಾಮಸಭೆಯಲ್ಲಿ ನಮ್ಮ ಮನೆಯವರೂ ಕೇಳಬೇಕು: ನೀರು ಪರೀಕ್ಷೆ ಆಯ್ತಾ? ಕೆರೆಯ ಹೂಳು ಎತ್ತೋದು ಯಾವಾಗ? ಕೆರೆ ತುಂಬಿದರೆ ಸುತ್ತಲ ಅಂತರ್ಜಲ ಏರ್ತದೆ. ಅಂತರ್ಜಲ ಬತ್ತಿದರೆ ನಲ್ಲಿಯಲ್ಲಿ ಬರೋದು ಬರೀ ಗಾಳಿ!